ಎರಡು ಫೈಲ್, ಒಂದೇ ಕಾಯಿಲೆ: ಗರ್ಭಕೋಶದ ಕ್ಯಾನ್ಸರ್ ರಿಪೋರ್ಟ್ ಕೈಗೆ ಬಂದಾಗ ಏನು ಓದಬೇಕು, ಏನು ಕೇಳಬೇಕು

ನಮ್ಮ ಮನೆಯ ಬೀರುವಿನಲ್ಲಿ ಎರಡು ಫೈಲ್ ಇವೆ. ಒಂದು 1986ರದ್ದು, ದೊಡ್ಡಮ್ಮನದು. ಕಂದು ರಟ್ಟು, ಬಿಳಿ ಲಾಡಿ, ಒಳಗೆ ಹನ್ನೊಂದೇ ಹಾಳೆ. ಇನ್ನೊಂದು 2022ರದ್ದು, ಅಮ್ಮನದು. ಜಿಪ್ ಇರುವ ಪ್ಲಾಸ್ಟಿಕ್ ಫೈಲ್, ಎರಡು ಸಿ.ಡಿ. ಬೇರೆ, ತೂಗಿದರೆ ಒಂದು ಕೆ.ಜಿ. ಬರುತ್ತದೆ. ಅಕ್ಕತಂಗಿಯರಿಬ್ಬರಿಗೂ ಬಂದದ್ದು ಒಂದೇ ಕಾಯಿಲೆ, ಗರ್ಭಕೋಶದ ಒಳಪದರದ ಕ್ಯಾನ್ಸರ್. ಎರಡೂ ಫೈಲಿನಲ್ಲಿ ಸ್ಟೇಜ್ ಅನ್ನುವ ಕಡೆ ಬರೆದಿರುವುದೂ ಒಂದೇ: 1ಬಿ. ಆದರೆ ಆ 1ಬಿಗೂ ಈ 1ಬಿಗೂ ಏನೇನೂ ಸಂಬಂಧ ಇಲ್ಲ. ಇಷ್ಟು ಗೊತ್ತಾಗಲು ನನಗೆ ಎರಡು ತಿಂಗಳು ಹಿಡಿಯಿತು.

ನಾನು ಡಾಕ್ಟರಲ್ಲ. ತಿಪಟೂರಿನ ಸಹಕಾರಿ ಬ್ಯಾಂಕೊಂದರಲ್ಲಿ 26 ವರ್ಷ ಸಾಲದ ವಿಭಾಗದಲ್ಲಿ ಕೂತವಳು. ಕಾಗದ ಓದುವುದು, ಯಾವ ಹಾಳೆ ಇಲ್ಲ ಅಂತ ಕಂಡುಹಿಡಿಯುವುದು, ಇಷ್ಟೇ ನನ್ನ ವಿದ್ಯೆ. ಅಮ್ಮನ ವಿಷಯದಲ್ಲಿ ಅದೇ ಕೆಲಸಕ್ಕೆ ಬಂತು.

ಅಮ್ಮನಿಗೆ ಕ್ಯಾನ್ಸರ್ ಅಂತ ಗೊತ್ತಾದ ವಾರವೇ ಫೋನುಗಳು ಶುರುವಾದವು, ಎಲ್ಲರ ಬಾಯಲ್ಲೂ ಕರೆಂಟ್, ಅಂದರೆ ರೇಡಿಯೇಷನ್ ಚಿಕಿತ್ಸೆಯ ಮಾತು. "ಐದು ವಾರ ಕರೆಂಟ್ ಕೊಡ್ತಾರೆ ಕಣೆ, ಕರುಳು ಸುಟ್ಟುಹೋಗುತ್ತೆ. ನಿಮ್ಮ ದೊಡ್ಡಮ್ಮನ ಪಾಡು ನೋಡಿಲ್ವಾ?" ನೋಡಿದ್ದೆ. ದೊಡ್ಡಮ್ಮ ಆಮೇಲೆ 23 ವರ್ಷ ಬದುಕಿದ್ದರು, ಹೋಗಿದ್ದು ಹೃದಯಾಘಾತದಿಂದ. ಆದರೆ ಆ 23 ವರ್ಷವೂ ಬಸ್ ಹತ್ತುವ ಮೊದಲು ದಾರಿಯಲ್ಲಿ ಕಕ್ಕಸು ಎಲ್ಲೆಲ್ಲಿದೆ ಅಂತ ವಿಚಾರಿಸುತ್ತಿದ್ದರು. ಮದುವೆ ಮನೆಯಲ್ಲಿ ಊಟಕ್ಕೆ ಕೂರುತ್ತಿರಲಿಲ್ಲ. ಇದನ್ನೆಲ್ಲ ಕಣ್ಣಾರೆ ಕಂಡಿದ್ದ ಅಮ್ಮ ಒಂದೇ ಮಾತು ಹೇಳಿಬಿಟ್ಟರು: "ನನಗೆ ಎಪ್ಪತ್ತಾಯ್ತು. ಅದೆಲ್ಲ ಬೇಡ, ಬಿಡು."

ಅಮ್ಮ ಬೇಡ ಅಂದದ್ದು 1986ರ ಚಿಕಿತ್ಸೆಯನ್ನು. ಅದನ್ನು ಈಗ ಅಮ್ಮನಂಥವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ನಿಮ್ಮ ಮನೆಯಲ್ಲೂ ಹೀಗೆ ಹಳೇ ಕಥೆಯೊಂದು ಕೂತಿದ್ದರೆ, ಮುಂದಿನದು ಓದಿ.

ಮೊದಲು ಯಾವ ಜಾಗ ಅಂತ ಕೇಳಿ

ನಮ್ಮ ಕಡೆ ಗರ್ಭಕೋಶದ ಕ್ಯಾನ್ಸರ್ ಅಂದರೆ ಎರಡು ಬೇರೆ ಬೇರೆ ಕಾಯಿಲೆಗೂ ಅದೇ ಹೆಸರು. ಗರ್ಭಕೋಶದ ಬಾಯಿ, ಅಂದರೆ ಗರ್ಭಕೊರಳಿನಲ್ಲಿ ಬರುವುದು ಒಂದು. ಅದಕ್ಕೆ ಕಾರಣ ಹೆಚ್ಚಾಗಿ ಎಚ್‌ಪಿವಿ ವೈರಸ್. ನಮ್ಮ ದೇಶದಲ್ಲಿ ಅದೇ ಜಾಸ್ತಿ. ಇನ್ನೊಂದು ಚೀಲದ ಒಳಗೆ, ಪ್ರತಿ ತಿಂಗಳು ಮುಟ್ಟಾಗಿ ಹೊರಬೀಳುವ ಪದರದಲ್ಲಿ ಬರುವುದು. ಇದಕ್ಕೂ ವೈರಸ್ಸಿಗೂ ಸಂಬಂಧ ಇಲ್ಲ. ಈಸ್ಟ್ರೊಜನ್ ಹಾರ್ಮೋನು ಜಾಸ್ತಿಯಾಗಿ, ಅದನ್ನು ಹಿಡಿದಿಡುವ ಪ್ರೊಜೆಸ್ಟರಾನ್ ಕಡಿಮೆಯಾದಾಗ ಈ ಪದರ ಬೆಳೆಯುತ್ತಲೇ ಹೋಗುತ್ತದೆ. ಬೊಜ್ಜು, ಸಕ್ಕರೆ ಕಾಯಿಲೆ, ಪಿಸಿಓಡಿ ಇರುವವರಿಗೆ ಅಪಾಯ ಹೆಚ್ಚು. ಸ್ತನ ಕ್ಯಾನ್ಸರಿಗೆ ಟ್ಯಾಮಾಕ್ಸಿಫೆನ್ ತೆಗೆದುಕೊಳ್ಳುವವರೂ ಹುಷಾರಾಗಿರಬೇಕು.

ಪ್ಯಾಪ್ ಟೆಸ್ಟ್ ಸರಿ ಇದೆ ಅಂದರೆ ಗರ್ಭಕೊರಳು ಸರಿ ಇದೆ ಅಂತ ಅಷ್ಟೇ. ಒಳಪದರದ ಕ್ಯಾನ್ಸರನ್ನು ಅದು ಹಿಡಿಯುತ್ತದೆ ಅಂತ ನಂಬುವ ಹಾಗಿಲ್ಲ. ಅಮ್ಮನ ಪ್ಯಾಪ್ ರಿಪೋರ್ಟ್ "ನಾರ್ಮಲ್" ಅಂತಲೇ ಬಂದಿತ್ತು.

ಈ ವ್ಯತ್ಯಾಸ ಚಿಕಿತ್ಸೆಯಲ್ಲೂ ಲೆಕ್ಕಕ್ಕೆ ಬರುತ್ತದೆ. 2018ರಲ್ಲಿ ಲ್ಯಾಕ್ ಅನ್ನುವ ಅಧ್ಯಯನ ಹೊರಬಂತು. ಗರ್ಭಕೊರಳಿನ ಕ್ಯಾನ್ಸರಿಗೆ ಲ್ಯಾಪ್ರೊಸ್ಕೋಪಿ ಅಥವಾ ರೋಬೋಟ್ ಮೂಲಕ ದೊಡ್ಡ ಆಪರೇಷನ್ ಮಾಡಿಸಿಕೊಂಡವರಲ್ಲಿ ನಾಲ್ಕೂವರೆ ವರ್ಷದ ಹೊತ್ತಿಗೆ ಕಾಯಿಲೆ ಮರಳದೆ ಇದ್ದವರು 86%. ಹೊಟ್ಟೆ ಕೊಯ್ದು ಮಾಡಿಸಿಕೊಂಡವರಲ್ಲಿ 96.5%. ಒಳಪದರದ ಕ್ಯಾನ್ಸರಿಗೆ ಮಾತ್ರ ಲ್ಯಾಪ್ರೊಸ್ಕೋಪಿಯೇ ಒಳ್ಳೆಯದು. ಪಕ್ಕದ ಮನೆಯವರು ಲ್ಯಾಪ್ರೊಸ್ಕೋಪಿ ಬೇಡವೇ ಬೇಡ ಅಂದರೆ, ಅವರಿಗೆ ಬಂದದ್ದು ಯಾವ ಕ್ಯಾನ್ಸರ್ ಅಂತ ಮೊದಲು ಕೇಳಿ.

ತುಂಡು ಪರೀಕ್ಷೆಗೆ (ಬಯಾಪ್ಸಿ) ಮೊದಲು ಚೀಲ ತೆಗೆಸಬೇಡಿ

ಮುಟ್ಟು ನಿಂತು ಒಂದು ವರ್ಷ ಆದಮೇಲೆ ಒಂದು ಹನಿ ರಕ್ತ ಕಂಡರೂ ಅದು ಉಷ್ಣ ಅಲ್ಲ. ಪ್ರತಿ ಸಲ ಕ್ಯಾನ್ಸರ್ ಇರಬೇಕು ಅಂತಲೂ ಇಲ್ಲ, ಬಹುಪಾಲು ಸಲ ಬೇರೆ ಏನೋ ಇರುತ್ತದೆ. ಆದರೆ ಈ ಕ್ಯಾನ್ಸರ್ ಬಂದ ಹತ್ತು ಜನರಲ್ಲಿ ಒಂಬತ್ತು ಜನಕ್ಕೆ ಮೊದಲ ಸೂಚನೆ ಇದೇ. ಅಮ್ಮ ನಾಲ್ಕು ತಿಂಗಳು ಎಳನೀರು ಕುಡಿದರು. ತಿಪಟೂರಿನಲ್ಲಿ ಎಳನೀರಿಗೇನು ಬರ.

ಆಮೇಲೆ ಒಂದು ನರ್ಸಿಂಗ್ ಹೋಮಿಗೆ ಹೋದೆವು. ಸ್ಕ್ಯಾನಿನಲ್ಲಿ ಒಳಪದರದ ದಪ್ಪ 13 ಮಿ.ಮೀ. ಜೊತೆಗೆ ಒಂದು ಫೈಬ್ರಾಯ್ಡ್ ಗೆಡ್ಡೆ. ಅಲ್ಲಿನ ಡಾಕ್ಟರು "ವಯಸ್ಸಾಗಿದೆ, ಚೀಲ ಇಟ್ಟುಕೊಂಡು ಏನು ಮಾಡ್ತೀರಿ, ಗುರುವಾರ ತೆಗೆದುಬಿಡೋಣ" ಅಂದರು. ನಾವೂ ತಲೆ ಆಡಿಸಿದೆವು. ಬುಧವಾರ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬ್ಯಾಂಕಿನಲ್ಲಿ ಆಸ್ತಿ ನೋಡದೆ ಸಾಲ ಕೊಡುವುದಿಲ್ಲ, ಇಲ್ಲಿ ಒಳಗೆ ಏನಿದೆ ಅಂತ ನೋಡದೆ ಕೊಯ್ಯುತ್ತಾರಲ್ಲ ಅನ್ನಿಸಿತು. ಬೆಳಗ್ಗೆ ಫೋನ್ ಮಾಡಿ ಜ್ವರ ಬಂದಿದೆ ಅಂತ ಸುಳ್ಳು ಹೇಳಿದೆ. ಬೆಂಗಳೂರಿನ ರೈಲು ಹತ್ತಿದೆವು.

ಮುಟ್ಟು ನಿಂತವರಲ್ಲಿ ರಕ್ತ ಕಂಡು, ಸ್ಕ್ಯಾನಿನಲ್ಲಿ ಪದರ 4 ಮಿ.ಮೀ.ಗಿಂತ ದಪ್ಪ ಇದ್ದರೆ ತುಂಡು ಪರೀಕ್ಷೆ ಆಗಲೇಬೇಕು. 4ಕ್ಕಿಂತ ಕಡಿಮೆ ಇದ್ದೂ ರಕ್ತ ಮತ್ತೆ ಮತ್ತೆ ಬರುತ್ತಿದ್ದರೆ ಆಗಲೂ ಆಗಬೇಕು. ದೊಡ್ಡಮ್ಮನಿಗೆ ಇದಕ್ಕಾಗಿ ಅರಿವಳಿಕೆ ಕೊಟ್ಟು, ಡಿ ಅಂಡ್ ಸಿ, ಅಂದರೆ ಒಳಪದರ ಕೆರೆದು ತೆಗೆಯುವುದು, ಮಾಡಿ, ಒಂದು ರಾತ್ರಿ ಆಸ್ಪತ್ರೆಯಲ್ಲಿ ಇಟ್ಟುಕೊಂಡಿದ್ದರು. ಅಮ್ಮನಿಗೆ ಹೊರರೋಗಿ ವಿಭಾಗದಲ್ಲೇ ಆಯಿತು. ಪೈಪೆಲ್ ಅಂತ ಒಂದು ಸಣ್ಣ ಕೊಳವೆ, ಎಳನೀರಿಗೆ ಹಾಕುವ ಸ್ಟ್ರಾಗಿಂತ ತೆಳ್ಳಗೆ. ಎರಡು ನಿಮಿಷ ಹಿಂಡಿದ ಹಾಗೆ ನೋವು, ಆಮೇಲೆ ಅಮ್ಮ ಎದ್ದು ಸೀರೆ ಸರಿಮಾಡಿಕೊಂಡು "ಇಷ್ಟೇನಾ?" ಅಂದರು. ಪೈಪೆಲ್‌ನಲ್ಲಿ ಸಾಕಷ್ಟು ಸಿಗದಿದ್ದರೆ ಹಿಸ್ಟರೊಸ್ಕೋಪಿ, ಅಂದರೆ ಕ್ಯಾಮೆರಾ ಹಾಕಿ ನೋಡಿ ತುಂಡು ತೆಗೆಯುತ್ತಾರೆ.

ಪರೀಕ್ಷೆ ಮಾಡದೆ ಚೀಲ ತೆಗೆದರೆ ಏನು ಮಹಾ ಅಂತ ಕೇಳಬಹುದು. ಕ್ಯಾನ್ಸರ್ ಅಂತ ಗೊತ್ತಿದ್ದರೆ ಡಾಕ್ಟರು ಅದು ಹರಡಿದೆಯಾ ಅಂತ ಲಿಂಫ್ ಗ್ರಂಥಿಗಳನ್ನು ನೋಡುತ್ತಾರೆ, ಅಂಡಾಶಯ ತೆಗೆಯುತ್ತಾರೆ, ಚೀಲವನ್ನು ಇಡಿಯಾಗಿ ಹೊರತರುತ್ತಾರೆ. ಫೈಬ್ರಾಯ್ಡ್ ಅಂದುಕೊಂಡರೆ ಕೆಲವು ಕಡೆ ಯಂತ್ರದಿಂದ ಒಳಗೇ ಚೂರು ಮಾಡಿ ಎಳೆಯುತ್ತಾರೆ. ಅದರೊಳಗೆ ಕ್ಯಾನ್ಸರ್ ಇದ್ದರೆ ಹೊಟ್ಟೆ ತುಂಬ ಹರಡಬಹುದು. ಅಮೆರಿಕದ ಎಫ್‌ಡಿಎ 2014ರಲ್ಲೇ ಈ ಯಂತ್ರದ ಬಗ್ಗೆ ಎಚ್ಚರಿಕೆ ಕೊಟ್ಟಿದೆ.

ಯಾವ ವರ್ಷದ 1ಬಿ?

ದೊಡ್ಡಮ್ಮನ ಫೈಲಿನ ಮೂರನೇ ಹಾಳೆ. ನೀಲಿ ಶಾಯಿ, ಅಕ್ಷರ ಮಾಸಿದೆ. ಗರ್ಭಕೋಶದ ಒಳಗಿನ ಉದ್ದ 9 ಸೆಂ.ಮೀ., ಸ್ಟೇಜ್ 1ಬಿ ಅಂತ ಬರೆದಿದೆ. ಅಮ್ಮನ ರಿಪೋರ್ಟಿನಲ್ಲಿ ಉದ್ದದ ಮಾತೇ ಇಲ್ಲ. ಗರ್ಭಕೋಶದ ಗೋಡೆಯ ಸ್ನಾಯುವಿನ ದಪ್ಪ 16 ಮಿ.ಮೀ., ಗೆಡ್ಡೆ ಒಳಗೆ ಇಳಿದಿರುವುದು 10 ಮಿ.ಮೀ., ಸ್ಟೇಜ್ 1ಬಿ. ಎರಡನ್ನೂ ಊಟದ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟುಕೊಂಡು ಒಂದು ಸಂಜೆ ಇಡೀ ನೋಡಿದೆ. ಒಂದೇ ಸ್ಟೇಜಿಗೆ ಎರಡು ಅಳತೆ ಹೇಗೆ?

ಫೀಗೋ ಅನ್ನುವ ಅಂತರರಾಷ್ಟ್ರೀಯ ಸ್ತ್ರೀರೋಗ ತಜ್ಞರ ಸಂಘ ಈ ಸ್ಟೇಜ್‌ಗಳನ್ನು ಗೊತ್ತು ಮಾಡುತ್ತದೆ. 1971ರ ನಿಯಮದಲ್ಲಿ ಆಪರೇಷನ್ನಿಗೆ ಮೊದಲೇ ಸ್ಟೇಜ್ ಹೇಳಬೇಕಿತ್ತು. ಒಂದು ಸಲಾಕೆ ಹಾಕಿ ಚೀಲದ ಒಳ ಉದ್ದ ಅಳೆಯುತ್ತಿದ್ದರು. 8 ಸೆಂ.ಮೀ. ಒಳಗಿದ್ದರೆ 1ಎ, ಜಾಸ್ತಿ ಇದ್ದರೆ 1ಬಿ. ಫೈಬ್ರಾಯ್ಡ್ ಇದ್ದವರ ಚೀಲ ಹೇಗೂ ಉದ್ದ ಇರುತ್ತದೆ, ಅಲ್ವಾ? ಅವರೂ 1ಬಿ. ದೊಡ್ಡಮ್ಮನ 1ಬಿ ಹೀಗೆ ಬಂದದ್ದು. ಆಕೆಯ ಗೆಡ್ಡೆ ಎಷ್ಟು ಆಳ ಇಳಿದಿತ್ತು ಅಂತ ಆ ಫೈಲಿನಲ್ಲಿ ಎಲ್ಲೂ ಇಲ್ಲ.

1988ರಲ್ಲಿ ನಿಯಮ ಬದಲಾಯಿತು. ಸ್ಟೇಜನ್ನು ಆಪರೇಷನ್ ಆದಮೇಲೆ, ತೆಗೆದ ಚೀಲವನ್ನು ಲ್ಯಾಬಿನಲ್ಲಿ ಕತ್ತರಿಸಿ ನೋಡಿಯೇ ಹೇಳಬೇಕು ಅಂತಾಯಿತು. ಆಗ 1ಬಿ ಅಂದರೆ ಸ್ನಾಯುವಿನ ಅರ್ಧಕ್ಕಿಂತ ಕಡಿಮೆ ಇಳಿದದ್ದು. 2009ರಲ್ಲಿ ಮತ್ತೆ ತಿದ್ದಿದರು, 1ಬಿ ಅಂದರೆ ಅರ್ಧ ಅಥವಾ ಅದಕ್ಕಿಂತ ಜಾಸ್ತಿ ಇಳಿದದ್ದು ಅಂತಾಯಿತು. ನೋಡಿ, ಅದೇ ಅಕ್ಷರ, ತಲೆಕೆಳಗು ಅರ್ಥ. 2005ರಲ್ಲಿ ಚಿಕಿತ್ಸೆ ಪಡೆದ ಯಾರಾದರೂ "ನನಗೂ 1ಬಿ, ಏನೂ ಕೊಡಲಿಲ್ಲ, ಸುಮ್ನೆ ಬಿಟ್ಟರು" ಅಂದರೆ ಅವರು ಸುಳ್ಳು ಹೇಳುತ್ತಿಲ್ಲ. ಅವರದು ಈಗಿನ ಲೆಕ್ಕದಲ್ಲಿ 1ಎ, ಅಷ್ಟೇ.

2023ರಲ್ಲಿ ಮತ್ತೊಮ್ಮೆ ಬದಲಾಗಿದೆ. ಈಗ ಆಳದ ಜೊತೆಗೆ ಗೆಡ್ಡೆ ಯಾವ ಬಗೆಯದು, ರಕ್ತನಾಳದೊಳಗೆ ನುಗ್ಗಿದೆಯಾ, ಅದರ ಜೀನುಗಳು ಏನು ಹೇಳುತ್ತವೆ ಅನ್ನುವುದೂ ಸೇರಿದೆ. ಅರ್ಧಕ್ಕಿಂತ ಆಳ ಇಳಿದ ಗೆಡ್ಡೆಯೂ ಪೋಲ್‌ಇ ಅನ್ನುವ ಜೀನಿನಲ್ಲಿ ಬದಲಾವಣೆ ಇದ್ದರೆ 1ಎಗೆ ಇಳಿಯುತ್ತದೆ. ಪಿ53 ಅನ್ನುವ ಜೀನ್ ಕೆಟ್ಟಿದ್ದರೆ 2ಸಿಗೆ ಏರುತ್ತದೆ. ಎಲ್ಲ ಆಸ್ಪತ್ರೆಗಳೂ ಇನ್ನೂ ಹೊಸ ಪಟ್ಟಿಗೆ ಬಂದಿಲ್ಲ. ಹಾಗಾಗಿ ಡಾಕ್ಟರನ್ನು ಕೇಳಬೇಕಾದ ಪ್ರಶ್ನೆ ಇದು: "ಈ ಸ್ಟೇಜ್ 2009ರ ಫೀಗೋ ಪ್ರಕಾರವೋ, 2023ರ ಪ್ರಕಾರವೋ?" ನಾನು ಕೇಳಿದ್ದನ್ನೇ ತುಸು ತಿದ್ದಿ ಬರೆದಿದ್ದೇನೆ, ಆಗ 2023 ಬಂದಿರಲಿಲ್ಲ. ಅಮ್ಮನ ಡಾಕ್ಟರು ಕನ್ನಡಕ ತೆಗೆದು ನನ್ನ ಮುಖ ನೋಡಿ, ಆಮೇಲೆ ಕುರ್ಚಿ ಎಳೆದುಕೊಂಡು ಕೂತು ವಿವರಿಸಿದರು.

ರಿಪೋರ್ಟಿನಲ್ಲಿ ಬೆರಳಿಟ್ಟು ನೋಡಬೇಕಾದ್ದು ಇಷ್ಟು: ಗೆಡ್ಡೆಯ ಬಗೆ (ಎಂಡೊಮೆಟ್ರಿಯಾಯ್ಡ್, ಸೀರಸ್, ಕ್ಲಿಯರ್ ಸೆಲ್, ಕಾರ್ಸಿನೊಸಾರ್ಕೋಮ), ಗ್ರೇಡ್, ಸ್ನಾಯುವಿನಲ್ಲಿ ಇಳಿದ ಆಳ, ಎಲ್‌ವಿಎಸ್‌ಐ ಅನ್ನುವ ರಕ್ತನಾಳದ ಸಾಲು, ಗರ್ಭಕೊರಳಿಗೆ ಬಂದಿದೆಯಾ, ಗ್ರಂಥಿಗಳು. ಇದರಲ್ಲಿ ಒಂದು ಸಾಲು ಕಾಣೆಯಾಗಿದ್ದರೂ ಕೇಳಿ. ಗ್ರೇಡ್ ಬೇರೆ, ಸ್ಟೇಜ್ ಬೇರೆ. ಗ್ರೇಡ್ ಅಂದರೆ ಕ್ಯಾನ್ಸರಿನ ಸ್ವಭಾವ, ಸ್ಟೇಜ್ ಅಂದರೆ ಅದು ಎಲ್ಲಿಯವರೆಗೆ ಹೋಗಿದೆ ಅನ್ನುವುದು. ನಮ್ಮ ಮಾವ ಗ್ರೇಡ್ 2 ಅನ್ನುವುದನ್ನು ಎರಡನೇ ಸ್ಟೇಜ್ ಅಂದುಕೊಂಡು ಊರೆಲ್ಲ ಹೇಳಿಬಂದಿದ್ದರು.

ಆಪರೇಷನ್

ಹೊಟ್ಟೆ ಕೊಯ್ದು ಕ್ಯಾನ್ಸರ್ ಬಂದ ಚೀಲವನ್ನು ಇಡಿಯಾಗಿ ತೆಗೆಯುವ ಕ್ರಮವನ್ನು 1878ರಲ್ಲಿ ಬ್ರೆಸ್ಲೌ ನಗರದಲ್ಲಿ ವಿಲ್‌ಹೆಲ್ಮ್ ಫ್ರಾಯ್ಂಡ್ ಶುರುಮಾಡಿದರು. ಆಗ ಸೋಂಕಿನಿಂದ, ರಕ್ತಸ್ರಾವದಿಂದ ಸತ್ತವರು ಬಹಳ. ಚೀಲ, ಎರಡು ಅಂಡಾಶಯ, ಎರಡು ನಾಳ ತೆಗೆಯುವುದು ಇವತ್ತಿಗೂ ಈ ಚಿಕಿತ್ಸೆಯ ಬೆನ್ನೆಲುಬೇ. ದಾರಿ ಮಾತ್ರ ಬದಲಾಗಿದೆ.

ದೊಡ್ಡಮ್ಮನ ಹೊಟ್ಟೆಯ ಮೇಲೆ ಹೊಕ್ಕುಳಿಂದ ಕೆಳಗಿನವರೆಗೆ ಉದ್ದ ಗೆರೆ. 13 ದಿನ ಆಸ್ಪತ್ರೆ. ಅಮ್ಮನಿಗೆ ನಾಲ್ಕು ಸಣ್ಣ ತೂತು, ಚೀಲವನ್ನು ಕೆಳಗಿನಿಂದ ಇಡಿಯಾಗಿ ತೆಗೆದರು. ಮೂರನೇ ದಿನ ಮನೆ. ಇದು ಬರೀ ಅನುಕೂಲದ ಮಾತಲ್ಲ, ಒಳಪದರದ ಕ್ಯಾನ್ಸರಿಗೆ ಲ್ಯಾಪ್ರೊಸ್ಕೋಪಿಯೇ ಒಳ್ಳೆಯದು ಅಂತ ಮೇಲೆ ಹೇಳಿದ್ದಕ್ಕೆ ಆಧಾರವೂ ಇದೆ. ಅಮೆರಿಕದಲ್ಲಿ 2,616 ಹೆಂಗಸರ ಮೇಲೆ ಲ್ಯಾಪ್-2 ಅನ್ನುವ ಅಧ್ಯಯನ ಮಾಡಿದರು, 2009ರಲ್ಲಿ ಮೊದಲ ಫಲಿತಾಂಶ ಬಂತು. ಲ್ಯಾಪ್ರೊಸ್ಕೋಪಿ ಶುರುಮಾಡಿದವರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಮಧ್ಯೆ ಹೊಟ್ಟೆ ಕೊಯ್ಯಬೇಕಾಗಿ ಬಂತು ಅನ್ನುವುದೂ ಅದರಲ್ಲಿದೆ. ಸಹಿ ಹಾಕುವ ಮೊದಲು ಇದನ್ನು ತಿಳಿದಿರಿ, ಹೊರಗೆ ಬಂದ ಮೇಲೆ ಮೋಸ ಆಯಿತು ಅನ್ನಿಸಬಾರದು.

ಗ್ರಂಥಿಗಳ ಕಥೆ ಬೇರೆ. ಒಂದು ಕಾಲದಲ್ಲಿ ಸೊಂಟದ ಗ್ರಂಥಿಗಳನ್ನೆಲ್ಲ ಬಾಚಿ ತೆಗೆಯುತ್ತಿದ್ದರು. ಅದರಿಂದ ಕೆಲವರ ಕಾಲು ಆನೆಕಾಲಿನ ಹಾಗೆ ಊದಿಕೊಳ್ಳುತ್ತಿತ್ತು, ಜೀವನ ಪೂರ್ತಿ. 2008 ಮತ್ತು 2009ರಲ್ಲಿ ಇಟಲಿ ಮತ್ತು ಬ್ರಿಟನ್ ಮುಂದಾಳತ್ವದ ಎರಡು ದೊಡ್ಡ ಅಧ್ಯಯನಗಳು, ಆರಂಭದ ಹಂತದಲ್ಲಿ ಎಲ್ಲ ಗ್ರಂಥಿ ತೆಗೆದರೆ ಹೆಚ್ಚು ದಿನ ಬದುಕುತ್ತಾರೆ ಅನ್ನುವುದಕ್ಕೆ ಆಧಾರ ಇಲ್ಲ ಅಂದವು. ಈಗ ಗರ್ಭಕೊರಳಿಗೆ ಒಂದು ಹಸಿರು ಬಣ್ಣ ಚುಚ್ಚುತ್ತಾರೆ, ಐಸಿಜಿ ಅಂತ. ಅದು ಹರಿದು ಮೊದಲು ಸೇರುವ ಒಂದೆರಡು ಗ್ರಂಥಿ ವಿಶೇಷ ಕ್ಯಾಮೆರಾದಲ್ಲಿ ಹೊಳೆಯುತ್ತದೆ. ಅದನ್ನು ಮಾತ್ರ ತೆಗೆದು ನೋಡುತ್ತಾರೆ, ಇದಕ್ಕೆ ಸೆಂಟಿನೆಲ್ ವಿಧಾನ ಅಂತ ಹೆಸರು. 2017ರ ಫೈರ್ಸ್ ಅಧ್ಯಯನದಲ್ಲಿ, ಬಣ್ಣದಿಂದ ಗ್ರಂಥಿ ಕಂಡವರಲ್ಲಿ, ಗ್ರಂಥಿಗೆ ಹರಡಿದ್ದ ಕ್ಯಾನ್ಸರನ್ನು ಈ ವಿಧಾನ 97% ಸಲ ಹಿಡಿಯಿತು. ಅಮ್ಮನಿಗೆ ತೆಗೆದದ್ದು ಮೂರು ಗ್ರಂಥಿ, ಮೂರೂ ಸ್ವಚ್ಛ. "ಸೆಂಟಿನೆಲ್ ಮಾಡ್ತೀರಾ, ಇಲ್ಲ ಎಲ್ಲ ತೆಗೀತೀರಾ?" ಅಂತ ಆಪರೇಷನ್ನಿಗೆ ಮೊದಲೇ ಕೇಳಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡಿನ ವಿಷಯವನ್ನೂ ಆಗಲೇ ವಿಚಾರಿಸಿ, ಬಿಲ್ ಕೈಗೆ ಬಂದಮೇಲೆ ಅಲ್ಲ.

ಮಕ್ಕಳಾಗಬೇಕು ಅನ್ನುವ ಚಿಕ್ಕ ವಯಸ್ಸಿನವರಿಗೆ ಒಂದು ಮಾತು. ಗ್ರೇಡ್ 1 ಇದ್ದು, ಕ್ಯಾನ್ಸರ್ ಒಳಪದರ ದಾಟಿಲ್ಲ ಅಂತ ಎಂಆರ್‌ಐನಲ್ಲಿ ಖಾತ್ರಿಯಾದರೆ, ಪ್ರೊಜೆಸ್ಟರಾನ್ ಬಗೆಯ ಮಾತ್ರೆ ಅಥವಾ ಹಾರ್ಮೋನ್ ಇರುವ ಕಾಪರ್-ಟಿ ತರಹದ ಸಾಧನ ಹಾಕಿ ಚೀಲ ಉಳಿಸಿಕೊಳ್ಳುವ ದಾರಿ ಇದೆ. ಈ ಹಾರ್ಮೋನ್ ಈ ಕ್ಯಾನ್ಸರಿನ ಮೇಲೆ ಕೆಲಸ ಮಾಡುತ್ತದೆ ಅಂತ 1961ರಲ್ಲೇ ಕೆಲ್ಲಿ ಮತ್ತು ಬೇಕರ್ ತೋರಿಸಿದ್ದರು. ಆದರೆ ಮೂರರಿಂದ ಆರು ತಿಂಗಳಿಗೊಮ್ಮೆ ತುಂಡು ಪರೀಕ್ಷೆ ತಪ್ಪಿಸುವಂತಿಲ್ಲ, ಮಕ್ಕಳಾದ ಮೇಲೆ ಚೀಲ ತೆಗೆಸುವ ಮಾತು ಮತ್ತೆ ಬರುತ್ತದೆ.

ಕರೆಂಟ್

1986ರ ಬೇಸಿಗೆ ರಜೆ. ನನಗೆ 14. ಬೆಂಗಳೂರಿನಲ್ಲಿ ಸಂಬಂಧಿಕರ ಮನೆಯಲ್ಲಿದ್ದು, ದಿನಾ ದೊಡ್ಡಮ್ಮನ ಜೊತೆ ಬಸ್ಸಿನಲ್ಲಿ ಆಸ್ಪತ್ರೆಗೆ ಹೋಗುತ್ತಿದ್ದೆ. ವಾರಕ್ಕೆ ಐದು ದಿನ, ಐದು ವಾರ, 25 ಸಲ. ಕೋಬಾಲ್ಟ್ ಯಂತ್ರ. 1951ರಲ್ಲಿ ಕೆನಡಾದಲ್ಲಿ ಬಳಕೆಗೆ ಬಂದದ್ದು. ಅದರ ಕಿರಣ ಸೊಂಟದ ಇಡೀ ಚೌಕವನ್ನು ಹಾಯುತ್ತಿತ್ತು, ಕರುಳು, ಮೂತ್ರಕೋಶ ಯಾವುದನ್ನೂ ಬಿಡದೆ. ಹೊಟ್ಟೆಯ ಮೇಲೆ ನೇರಳೆ ಶಾಯಿಯಲ್ಲಿ ಗೆರೆ ಎಳೆದಿದ್ದರು. ಅದು ಅಳಿಸಬಾರದು ಅಂತ ದೊಡ್ಡಮ್ಮ ಐದು ವಾರ ಸರಿಯಾಗಿ ಸ್ನಾನ ಮಾಡಲಿಲ್ಲ. ಮೂರನೇ ವಾರಕ್ಕೆ ಭೇದಿ ಶುರು. ಬರೀ ಗಂಜಿ, ಮಜ್ಜಿಗೆ.

ಆಮೇಲೆ ಒಳಗಿನಿಂದ ಕೊಡುವ ಕರೆಂಟ್. ಯೋನಿಯೊಳಗೆ ಸೀಸಿಯಂ ಇಟ್ಟು, ಒಂದು ಕೋಣೆಯಲ್ಲಿ ಅಲ್ಲಾಡದೆ ಎರಡು ದಿನ ಮಲಗಿಸಿದ್ದರು. ಮಕ್ಕಳು ಒಳಗೆ ಹೋಗುವ ಹಾಗಿಲ್ಲ. ಬಾಗಿಲ ಹತ್ತಿರ ಸೀಸದ ಅಡ್ಡಗೋಡೆ, ಅದರ ಆಚೆ ದೊಡ್ಡಮ್ಮನ ಒಂದು ಕೈ ಮಾತ್ರ ಕಾಣುತ್ತಿತ್ತು. ಕೈಯಲ್ಲಿ ಹಸಿರು ಬಳೆ. ಅದಕ್ಕೂ ಹಿಂದೆ, 1930ರ ದಶಕದಲ್ಲಿ ಸ್ಟಾಕ್‌ಹೋಮಿನಲ್ಲಿ ಹೇಮನ್ ಎಂಬುವರು ರೇಡಿಯಂ ತುಂಬಿದ ಪುಟ್ಟ ಗುಂಡುಗಳನ್ನು ಚೀಲದೊಳಗೇ ಒತ್ತಿ ತುಂಬುತ್ತಿದ್ದರಂತೆ. ಅದಕ್ಕೆ ಹೋಲಿಸಿದರೆ ದೊಡ್ಡಮ್ಮನದು ಸುಧಾರಿತ ಕಾಲವೇ.

ಇದನ್ನೆಲ್ಲ ಬದಲಾಯಿಸಿದ್ದು ಮುಖ್ಯವಾಗಿ ನೆದರ್‌ಲ್ಯಾಂಡ್ಸ್ ದೇಶದವರು, ಎರಡು ಅಧ್ಯಯನಗಳಿಂದ. ಮೊದಲನೆಯದು ಪೋರ್ಟೆಕ್-1, 2000ದಲ್ಲಿ ಪ್ರಕಟವಾಯಿತು. 714 ಹೆಂಗಸರು. ಆಪರೇಷನ್ ಆದಮೇಲೆ ಅರ್ಧ ಜನಕ್ಕೆ ಐದು ವಾರದ ಕರೆಂಟ್, ಉಳಿದವರಿಗೆ ಏನೂ ಇಲ್ಲ. ಐದು ವರ್ಷದಲ್ಲಿ ಸೊಂಟದ ಭಾಗದಲ್ಲಿ ಕಾಯಿಲೆ ಮರಳಿದ್ದು ಕರೆಂಟ್ ಕೊಟ್ಟವರಲ್ಲಿ 4%, ಕೊಡದವರಲ್ಲಿ 14%. ಆದರೆ ಬದುಕಿದ್ದವರು? 81% ಮತ್ತು 85%. ಅಂದರೆ ಕರೆಂಟ್ ಕೊಟ್ಟದ್ದರಿಂದ ಆಯಸ್ಸು ಹೆಚ್ಚಲಿಲ್ಲ. ಮರಳಿದ ಕಾಯಿಲೆ ಹೆಚ್ಚಾಗಿ ಯೋನಿಯ ತುದಿಯಲ್ಲಿ ಬರುತ್ತಿತ್ತು, ಅದನ್ನು ಆಮೇಲೆ ಕರೆಂಟ್ ಕೊಟ್ಟು ಹಿಡಿಯಲಾಗುತ್ತಿತ್ತು.

ಹಾಗಾದರೆ ಆ ತುದಿಗೆ ಮಾತ್ರ ಕೊಟ್ಟರೆ ಸಾಲದಾ? ಅದೇ ಪೋರ್ಟೆಕ್-2, 2010ರದ್ದು, 427 ಹೆಂಗಸರು. ತುದಿಗೆ ಮಾತ್ರ ಕೊಟ್ಟವರಲ್ಲಿ ಯೋನಿಯಲ್ಲಿ ಕಾಯಿಲೆ ಮರಳಿದ್ದು 1.8%, ಇಡೀ ಸೊಂಟಕ್ಕೆ ಕೊಟ್ಟವರಲ್ಲಿ 1.6%. ಎರಡೂ ಒಂದೇ ಅನ್ನಬಹುದು. ಕರುಳಿನ ತೊಂದರೆ ಮಾತ್ರ ತುದಿಗೆ ಕೊಟ್ಟವರಲ್ಲಿ ಬಹಳ ಕಡಿಮೆ.

ಅಮ್ಮನಿಗೆ ಕೊಟ್ಟದ್ದು ಇದು. ಮೂರು ಸಲ, ವಾರಕ್ಕೊಂದು. ಹೆಬ್ಬೆರಳಿಗಿಂತ ಸ್ವಲ್ಪ ದಪ್ಪದ ನುಣುಪಾದ ಕೊಳವೆ ಇಟ್ಟು, ಅದರೊಳಗೆ ಇರಿಡಿಯಂ ಕಣವನ್ನು ಯಂತ್ರವೇ ಕಳಿಸಿ ಯಂತ್ರವೇ ವಾಪಸ್ ಎಳೆದುಕೊಳ್ಳುತ್ತದೆ. ನಾನು ಹೊರಗೆ ಗಡಿಯಾರ ನೋಡಿದೆ, ಏಳು ನಿಮಿಷ. ಕ್ಯಾಂಟೀನಿನಿಂದ ತಂದ ಕಾಫಿ ಇನ್ನೂ ಬಿಸಿ ಇತ್ತು. ಅಮ್ಮ ಹೊರಗೆ ಬಂದು ಅದನ್ನು ಕುಡಿದು, ಮಧ್ಯಾಹ್ನದ ರೈಲಿಗೇ ಹೊರಟರು. ಅರಸೀಕೆರೆ ಕಡೆಯ ಗಾಡಿ, ಕೂರಲು ಜಾಗ ಸಿಗದೆ ತುಮಕೂರಿನವರೆಗೆ ನಿಂತೇ ಬಂದರು. ಆ ದಿನ ಅಮ್ಮ ಅಕ್ಕನನ್ನು ನೆನೆಸಿಕೊಂಡು ಅತ್ತರು.

ಐದು ವಾರದ ಕರೆಂಟ್ ಈಗ ಯಾರಿಗೂ ಇಲ್ಲ ಅಂತ ತಿಳಿಯಬೇಡಿ. ಗ್ರಂಥಿಗೆ ಹರಡಿದ್ದರೆ, ರಕ್ತನಾಳದಲ್ಲಿ ಬಹಳ ಕಡೆ ಕಂಡರೆ, ಸೀರಸ್ ಬಗೆಯದಾಗಿದ್ದರೆ ಬೇಕಾಗಬಹುದು, ಜೊತೆಗೆ ಕೀಮೋ ಕೂಡ. ಆದರೆ ಈಗಿನ ಐಎಂಆರ್‌ಟಿ ಅನ್ನುವ ವಿಧಾನದಲ್ಲಿ ಕಿರಣ ಕರುಳನ್ನು ಸಾಕಷ್ಟು ತಪ್ಪಿಸಿ ಹೋಗುತ್ತದೆ. ಹಾಗೆಯೇ 1ಎ, ಗ್ರೇಡ್ 1 ಇದ್ದವರಿಗೆ ಬಹುತೇಕ ಆಪರೇಷನ್ ಒಂದೇ ಸಾಕು. "ನಮಗೆ ಕರೆಂಟೇ ಕೊಡಲಿಲ್ಲ, ಆಸೆ ಬಿಟ್ಟರೇನೋ" ಅಂತ ಅಳುತ್ತಿದ್ದ ಒಬ್ಬರನ್ನು ಅಲ್ಲಿನ ಕಾರಿಡಾರಿನಲ್ಲಿ ನೋಡಿದೆ. ಅವರ ರಿಪೋರ್ಟ್ ನಮ್ಮದಕ್ಕಿಂತ ಚೆನ್ನಾಗಿತ್ತು.

ನಮಗೆ ಯಾರೂ ತಾವಾಗಿ ಹೇಳದ ಒಂದು ಮಾತು: ಒಳಗಿನ ಕರೆಂಟ್ ಆದಮೇಲೆ ಯೋನಿ ಕಿರಿದಾಗಿ ಅಂಟಿಕೊಳ್ಳಬಹುದು. ಅದನ್ನು ತಡೆಯಲು ಡೈಲೇಟರ್ ಅನ್ನುವ ಸಾಧನ ಬಳಸಬೇಕಾಗುತ್ತದೆ. ಗಂಡ ಇಲ್ಲದವರಿಗೆ, ವಯಸ್ಸಾದವರಿಗೆ ಯಾಕೆ ಅಂತ ಬಿಟ್ಟುಬಿಡುತ್ತಾರೆ. ಮುಂದೆ ಡಾಕ್ಟರು ಒಳಗೆ ಪರೀಕ್ಷೆ ಮಾಡಬೇಕಲ್ಲ, ಅದಕ್ಕೂ ಜಾಗ ಬೇಕು. ನಾಚಿಕೆ ಬಿಟ್ಟು ನರ್ಸನ್ನು ಕೇಳಿ.

ಗೆಡ್ಡೆಯ ಜಾತಕ

2013ರಲ್ಲಿ ಅಮೆರಿಕದ ಒಂದು ದೊಡ್ಡ ಜೀನ್ ಸಂಶೋಧನೆ ಈ ಕ್ಯಾನ್ಸರನ್ನು ನಾಲ್ಕು ಗುಂಪು ಮಾಡಿತು. ಸೂಕ್ಷ್ಮದರ್ಶಕದಲ್ಲಿ ಒಂದೇ ತರಹ ಕಾಣುವ ಎರಡು ಗೆಡ್ಡೆಗಳ ಸ್ವಭಾವ ಬೇರೆ ಬೇರೆ ಇರುತ್ತದೆ ಅಂತ ಗೊತ್ತಾಯಿತು. ಪೋಲ್‌ಇ ಬದಲಾವಣೆ ಇದ್ದದ್ದು ನೋಡಲು ಭಯಂಕರ, ಆದರೆ ಮರಳುವುದು ತೀರಾ ಅಪರೂಪ. ಪಿ53 ಕೆಟ್ಟದ್ದು ಹಟಮಾರಿ, ಅದಕ್ಕೆ ಕೀಮೋ ಬೇಕು. ಎಂಎಂಆರ್ ಕೆಟ್ಟದ್ದು ಇನ್ನೊಂದು. ಇದು ಯಾವುದೂ ಅಲ್ಲದ್ದು ನಾಲ್ಕನೆಯದು.

ಎಂಎಂಆರ್ ಅಂದರೆ ಜೀವಕೋಶದ ತಪ್ಪು ತಿದ್ದುವ ಗುಮಾಸ್ತ ಅಂದುಕೊಳ್ಳಿ. ನಮ್ಮ ಬ್ಯಾಂಕಿನ ಭಾಷೆಯಲ್ಲಿ ಲೆಡ್ಜರ್ ತಾಳೆ ನೋಡುವವನು. ಅವನು ರಜೆ ಹಾಕಿದರೆ ತಪ್ಪುಗಳು ಗುಡ್ಡೆಯಾಗುತ್ತವೆ. ಎಂಎಲ್‌ಎಚ್1, ಪಿಎಂಎಸ್2, ಎಂಎಸ್‌ಎಚ್2, ಎಂಎಸ್‌ಎಚ್6 ಅಂತ ನಾಲ್ಕು ಪ್ರೋಟೀನುಗಳಿಗೆ ಬಣ್ಣ ಹಾಕಿ ನೋಡುತ್ತಾರೆ. ಅಮ್ಮನ ರಿಪೋರ್ಟಿನಲ್ಲಿ ಈ ಸಾಲೇ ಇರಲಿಲ್ಲ. ಕೇಳಿದೆ. ಲ್ಯಾಬಿನಲ್ಲಿ ಮೇಣದ ಬ್ಲಾಕ್ ಇರುತ್ತದೆ, ಅದರಲ್ಲೇ ಮಾಡಬಹುದು ಅಂದರು. ಬ್ಲಾಕ್ ಮತ್ತು ಸ್ಲೈಡುಗಳನ್ನು ಬೇರೆ ಆಸ್ಪತ್ರೆಯಲ್ಲಿ ಇನ್ನೊಮ್ಮೆ ತೋರಿಸಲೂ ಅರ್ಜಿ ಕೊಟ್ಟು ಪಡೆಯಬಹುದು. ಹತ್ತು ದಿನಕ್ಕೆ ಫಲಿತಾಂಶ ಬಂತು: ಎಂಎಸ್‌ಎಚ್6 ಇಲ್ಲ.

ಇದರಿಂದ ಎರಡು ಉಪಯೋಗ. ಒಂದು, ಕಾಯಿಲೆ ಮರಳಿದರೆ ಅಥವಾ ಹರಡಿದರೆ ಔಷಧಿ ಬೇರೆ. ಮೊದಲು ಕಾರ್ಬೊಪ್ಲಾಟಿನ್, ಪ್ಯಾಕ್ಲಿಟಾಕ್ಸೆಲ್ ಕೀಮೋ ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಎಂಎಂಆರ್ ಕೆಟ್ಟ ಗೆಡ್ಡೆಗಳ ಮೇಲೆ ಇಮ್ಯುನೊಥೆರಪಿ ಚೆನ್ನಾಗಿ ಕೆಲಸ ಮಾಡುತ್ತದೆ. ಡೊಸ್ಟಾರ್ಲಿಮಾಬ್‌ಗೆ 2021ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. 2023ರಲ್ಲಿ ಬಂದ ಎರಡು ಅಧ್ಯಯನಗಳ ನಂತರ, ಹರಡಿದವರಿಗೆ ಮೊದಲ ಕೀಮೋ ಜೊತೆಗೇ ಕೊಡುವುದು ಶುರುವಾಗಿದೆ. ಬೆಲೆ ಕೇಳಿದರೆ ತಲೆ ಸುತ್ತುತ್ತದೆ. ಆದರೂ ರಿಪೋರ್ಟಿನಲ್ಲಿ ಆ ಸಾಲು ಇರಲಿ.

ಎರಡನೆಯದು ಮನೆಯವರಿಗೆ. ಈ ಕ್ಯಾನ್ಸರ್ ಬಂದ ನೂರರಲ್ಲಿ ಸುಮಾರು ಮೂರು ಜನಕ್ಕೆ ಲಿಂಚ್ ಸಿಂಡ್ರೋಮ್ ಇರುತ್ತದೆ, ಅಂದರೆ ಹುಟ್ಟಿನಿಂದಲೇ ಬಂದ ಜೀನ್ ದೋಷ. ದೊಡ್ಡ ಕರುಳಿನ ಕ್ಯಾನ್ಸರಿಗೂ ಅದೇ ದಾರಿ. ಎಂಎಲ್‌ಎಚ್1 ಇಲ್ಲ ಅಂತ ಬಂದರೆ ತಕ್ಷಣ ಗಾಬರಿ ಬೇಡ, ಬಹಳ ಸಲ ಅದು ವಂಶದ್ದಲ್ಲ, ಅದಕ್ಕೆ ಇನ್ನೊಂದು ಪರೀಕ್ಷೆ ಇದೆ. ಎಂಎಸ್‌ಎಚ್6 ಇಲ್ಲ ಅಂದರೆ ಮಾತ್ರ ರಕ್ತದ ಜೀನ್ ಪರೀಕ್ಷೆಗೆ ಹೋಗಲೇಬೇಕು. ಮೊದಲು ಕಾಯಿಲೆ ಬಂದವರಿಗೆ, ಆಮೇಲೆ ಮಕ್ಕಳಿಗೆ. ಗಂಡುಮಕ್ಕಳಿಗೂ.

ಅಮ್ಮನದು ಹೌದು ಅಂತ ಬಂತು. ಮಕ್ಕಳಿಗೆ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ತಮ್ಮನಿಗೆ ಇಲ್ಲ. ನನಗೆ ಇದೆ.

ಕೊಲೊನೊಸ್ಕೋಪಿ ಮಾಡಿಸಿದೆ, ಒಂದು ಸಣ್ಣ ಪಾಲಿಪ್ ಸಿಕ್ಕಿತು, ಅಲ್ಲೇ ತೆಗೆದರು. ಕರುಳಿಗೆ ಕಾಯಂ ತಪಾಸಣೆ ಇದೆ. ಚೀಲ ಮತ್ತು ಅಂಡಾಶಯ ಮೊದಲೇ ತೆಗೆಸಿಬಿಡುವ ವಿಷಯ ಡಾಕ್ಟರ ಹತ್ತಿರ ಮಾತಾಡುತ್ತಿದ್ದೇನೆ, ದೀಪಾವಳಿ ಕಳೆಯಲಿ ಅಂದಿದ್ದೇನೆ. ಜೀನ್ ಕೌನ್ಸೆಲರ್ ವಂಶವೃಕ್ಷ ಬರೆದು ತನ್ನಿ ಅಂದಿದ್ದರು. ಯಾರಿಗೆ ಯಾವ ಕ್ಯಾನ್ಸರ್, ಎಷ್ಟನೇ ವಯಸ್ಸಿನಲ್ಲಿ. ತಾತ ಹೊಟ್ಟೆ ಕಟ್ಟಿ, ರಕ್ತಭೇದಿಯಾಗಿ ಹೋದರು ಅಂತ ಚಿಕ್ಕಂದಿನಿಂದ ಕೇಳಿದ್ದೆ, ಅದನ್ನೂ ಬರೆದೆ. ದೊಡ್ಡಮ್ಮನ ಮೂರನೇ ಹಾಳೆಯನ್ನು ಜೆರಾಕ್ಸ್ ಮಾಡಿಸಿ ಹಿಂದೆ ಲಗತ್ತಿಸಿದೆ. ವಯಸ್ಸಿನ ಕಡೆ ಮಾಸಿದ ಶಾಯಿಯಲ್ಲಿ 46 ಅಂತಿದೆ. ಕೌನ್ಸೆಲರ್ ಅದರ ಸುತ್ತ ಪೆನ್ಸಿಲಿನಲ್ಲಿ ಒಂದು ಸೊನ್ನೆ ಸುತ್ತಿದರು.

ಮೂರನೇ ಫೈಲ್ ತರಲು ಅಂಗಡಿಗೆ ಹೊರಟಾಗ ಅಮ್ಮ ಒಳಗಿನಿಂದಲೇ ಕೂಗಿದರು: "ಲಾಡಿ ಇರೋದೇ ತಗೊಂಡು ಬಾ. ಜಿಪ್ ಬೇಗ ಕಿತ್ತುಹೋಗುತ್ತೆ."